ಜಂಪರ್ ಪೀಸಿನ ಬೆನ್ನೇರಿದ ಗ್ರ್ಯಾಫೀನ್

ಹೋದ ವಾರ ನಾನು ನನ್ನ ತಂಗಿಯ ಮಗಳ ಪಿಎಚ್‌ಡಿಯನ್ನು ಆಯೇರಿ ಕೊಟ್ಟುಬಿಟ್ಟೆ!

ನಗಬೇಡಿ. ತಂಗಿಯ ಮಗಳು ಪಲ್ಲವಿ ಗ್ರ್ಯಾಫೀನ್ ಮೇಲೆ ಸಂಶೋಧನೆ ಮಾಡುತ್ತಾಳೆ. ಪೆನ್ಸಿಲ್ ಕಡ್ಡಿಯಲ್ಲಿ ಗ್ರ್ಯಾಫೈಟ್ ಇರುತ್ತದಲ್ಲ, ಅದರ ಒಂದೇ ಒಂದು ಪದರ ಗ್ರ್ಯಾಫೀನ್. ಒಂದು ಪದರದಲ್ಲಿ ಕರೆಂಟ್ ಹೇಗೆ ಓಡುತ್ತದೆ, ಎರಡು ಪದರ ಒಂದರ ಮೇಲೊಂದಿಟ್ಟು ತುಸು ತಿರುವಿದರೆ ತಡೆಯಿಲ್ಲದೆ ಓಡುತ್ತದೆಯೇ ಎಂದು ಅಳೆಯುವುದು ಅವಳ ಕೆಲಸ. ಪದರ ಬಿಡಿಸುವುದು ಯಾವುದರಿಂದ? ಸೆಲೋಟೇಪಿನಿಂದ! ಅಂಟಿಸು, ಕೀಳು, ಮತ್ತೆ ಅಂಟಿಸು, ಮತ್ತೆ ಕೀಳು. (ಇದಕ್ಕೆ ಸ್ಟೈಪೆಂಡ್ ಬೇರೆ ಕೊಡುತ್ತಾರೆ.)

ರಜೆಗೆ ಬೀದರಿನ ನಮ್ಮ ಮನೆಗೆ ಬಂದವಳು, ಪದರ ಬಿಡಿಸುವ ಕೆಲಸ ಇಲ್ಲೇ ಮುಗಿಸುತ್ತೇನೆಂದು ಅಂಥದೊಂದು ಟೇಪನ್ನು ಮಡಚಿ ನನ್ನ ಟೇಬಲ್ ಮೇಲಿಟ್ಟಿದ್ದಳು. ಲ್ಯಾಬಿನಲ್ಲಿದ್ದ ಒಳ್ಳೆಯ ಗ್ರ್ಯಾಫೈಟಿನ ಕೊನೆಯ ಚೂರು ಅದರಲ್ಲಿತ್ತು. ನನಗೇನು ಗೊತ್ತು? ಭಾಲ್ಕಿಯ ಕಮಲಕ್ಕನ ಗೃಹಪ್ರವೇಶಕ್ಕೆ ಹೊರಟಿದ್ದೆ. ಆಯೇರಿ ಉಡುಗೊರೆಯಾಗಿ ಕೊಡಬೇಕಿದ್ದ ಜಂಪರ್ ಪೀಸಿನ, ಅಂದರೆ ರವಿಕೆ ಬಟ್ಟೆಯ, ಪ್ಯಾಕೆಟ್ ಬಾಯಿ ಬಿಟ್ಟಿತ್ತು. ಕೈಗೆ ಸಿಕ್ಕಿದ್ದು ಆ ಟೇಪು. ಬಿಚ್ಚಿ ಅಂಟಿಸಿದೆ. ಸ್ವಲ್ಪ ಕೊಳೆಯಾಗಿದೆ, ಇರಲಿ ಅಂದುಕೊಂಡೆ.

ಎರಡು ದಿನ ಬಿಟ್ಟು ಪಲ್ಲವಿ ಟೇಪ್ ಹುಡುಕಿದಳು. ವಿಷಯ ತಿಳಿದಾಗ ಅಳುವುದೊಂದು ಬಾಕಿ.

"ಮಾಮಾ, ಸೋಮವಾರ ನಮ್ಮ ಗೈಡ್‌ಗ ಏನ್ ಹೇಳ್ಲಿ? ಸ್ಯಾಂಪಲ್ ಆಯೇರಿಗಿ ಹೋಗ್ಯದ್ರಿ ಅಂತ ಹೇಳ್ಲಿ?"

ಭಾಲ್ಕಿಗೆ ಬಸ್ಸು ಹತ್ತಿದೆವು.

ಇಲ್ಲೊಂದು ಮಾತು. ನಮ್ಮ ಕಡೆ ಆಯೇರಿಯಲ್ಲಿ ಬಂದ ಜಂಪರ್ ಪೀಸನ್ನು ಯಾರೂ ಹೊಲಿಸುವುದಿಲ್ಲ. ಮುಂದಿನವರಿಗೆ ಕೊಡುತ್ತಾರೆ. ಅವರು ಅವರ ಮುಂದಿನವರಿಗೆ. ನಿಮ್ಮ ಅಲಮಾರಿಯಲ್ಲೂ ಅಂಥ ಒಂದು ಗಂಟು ಇಲ್ಲವೇ? ಸುಳ್ಳು ಹೇಳಬೇಡಿ.

"ಅಯ್ಯ, ನಿನ್ನೀನೇ ಔರಾದ್ ಅತ್ತಿಗಿ ಕೊಟ್ಟೆನಲ್ಲೋ," ಎಂದಳು ಕಮಲಕ್ಕ, ಕಿಂಚಿತ್ತೂ ನಾಚದೆ. "ಬಣ್ಣ ಹ್ಯಾಂಗದ ಅಂತ ಟೇಪ್ ಕಿತ್ತಿ ನೋಡ್ದೆ. ಗಿಣಿ ಹಸರ! ನನಗ್ಯಾಕ ಬೇಕು? ತಿರುಗಿ ಅಂಟ್ಸಿ ಕೊಟ್ಟೆ."

ಔರಾದಿಗೆ ಬಸ್ಸು ಹತ್ತಿದೆವು. ಅತ್ತೆಯೂ ಟೇಪ್ ಕಿತ್ತು ನೋಡಿದ್ದಳು. ಅತ್ತೆಗೂ ಗಿಣಿ ಹಸಿರು ಹಿಡಿಸಿರಲಿಲ್ಲ.

"ಮುಂಜಾನಿ ನಿನ್ನ ಹೆಂಡತಿಗೇ ಕಳ್ಸೀನಿ ತಗೋ. ಹೋದ ಸಲ ಬಂದಾಗ ಉಡಿ ತುಂಬಿದ್ದಿಲ್ಲ, ಪಾಪ."

ಮತ್ತೆ ಬೀದರ್. ಸರ್ಕ್ಯೂಟ್ ಪೂರ್ತಿಯಾಯಿತು! ಬಾಗಿಲಲ್ಲೇ ಹೆಂಡತಿ. ಕೈಯಲ್ಲಿ ಪ್ಯಾಕೆಟ್, ಉಗುರು ಟೇಪಿನ ತುದಿಯಲ್ಲಿ. "ಕೀಳಬ್ಯಾಡ!" ಎಂದು ನಾನು ಕಿರುಚುವಷ್ಟರಲ್ಲಿ ಪರ್ರೆಂದು ಕಿತ್ತಾಗಿತ್ತು.

ಪಲ್ಲವಿ ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅತ್ತ ತಿರುಗಿಸಿ, ಇತ್ತ ತಿರುಗಿಸಿ ನೋಡಿದಳು. ಲ್ಯಾಬಿನ ಕೊನೆಯ ಚೂರನ್ನೂ ಹಾಳು ಮಾಡಿದೆನೇ?

ಆಮೇಲೆ ಅವಳು ನಗತೊಡಗಿದಳು.

"ಮಾಮಾ, ಇಲ್ಲಿ ನೋಡ್ರಿ! ಕರ್ರಗ ಇದ್ದದ್ದು ಬೂದಿ ಬಣ್ಣ ಆಗ್ಯದ. ನಾ ಮಾಡೋ ಕೆಲಸ ಎಲ್ಲಾ ಇವರೇ ಮಾಡ್ಯಾರ!"

ಕಿತ್ತಾಗಲೆಲ್ಲ ಒಂದಿಷ್ಟು ಪದರ ಪ್ಯಾಕೆಟ್ಟಿಗೆ ಅಂಟಿ, ಟೇಪಿನಲ್ಲಿ ಉಳಿದದ್ದು ತೆಳ್ಳಗಾಗಿತ್ತು. ಅಂಟಿಸು, ಕೀಳು, ಮತ್ತೆ ಅಂಟಿಸು, ಮತ್ತೆ ಕೀಳು. ಮೂರು ಊರಿನ ಹೆಣ್ಣುಮಕ್ಕಳು ಸ್ಟೈಪೆಂಡ್ ಇಲ್ಲದೆ ಮಾಡಿದ ಸಂಶೋಧನೆ!

ಪಲ್ಲವಿ ಟೇಪ್ ತೆಗೆದುಕೊಂಡು ಹೋದಳು. ನನ್ನ ಹೆಂಡತಿ ಗಿಣಿ ಹಸಿರಿನ ಪ್ಯಾಕೆಟ್ಟಿಗೆ ಹೊಸ ಟೇಪ್ ಹಚ್ಚಿ ಅಲಮಾರಿಯಲ್ಲಿಟ್ಟಳು. "ಇರ್ಲಿ, ಮನ್ನಳ್ಳಿ ಮದವಿಗಿ ಆಗ್ತದ."

ಎಲ್ಲೂ ತಡೆಯಿಲ್ಲದೆ ಓಡುವ ವಸ್ತುವಿಗಾಗಿ ಇಷ್ಟೊಂದು ಒದ್ದಾಡುವ ವಿಜ್ಞಾನಿಗಳು, ಒಮ್ಮೆ ನಮ್ಮ ಜಂಪರ್ ಪೀಸಿಗೆ ಯಾಕೆ ತಂತಿ ಜೋಡಿಸಿ ನೋಡಬಾರದು?