ಕಾಲಡಿಯಲ್ಲಿ ಮೂಡಿದ ಮುಖ

ವಡೋದರದ ನಮ್ಮ ಬಾಡಿಗೆ ಮನೆಯ ನಲ್ಲಿಕಟ್ಟೆಯ ಕೊಳೆಯನ್ನೆಲ್ಲ ಉಜ್ಜಿ ತೆಗೆದು ನೀರು ಸುರಿದೆ. ಕಾಲಡಿಯ ಚಪ್ಪಡಿಯಲ್ಲಿ ಲಕ್ಷ್ಮೀದೇವಿಯ ಮುಖ ಮೂಡಿಬಿಟ್ಟಿತು! ಬೆಚ್ಚಿ ಪಕ್ಕಕ್ಕೆ ಹಾರಿದೆ.

ನನ್ನ ಕೂಗಿಗೆ ಮನೆಯ ಮಾಲೀಕರಾದ ಕಾಕಾ ಓಡಿ ಬಂದರು. ಅದು ಅವರ ಅಜ್ಜ ನಡೆಸುತ್ತಿದ್ದ ಕಲ್ಲಚ್ಚಿನ ಪ್ರೆಸ್ಸಿನ ಕಲ್ಲಂತೆ. ಕ್ಯಾಲೆಂಡರಿನ ದೇವರುಗಳನ್ನು ಅದರ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದೇ ಅಚ್ಚು ಹಾಕುತ್ತಿದ್ದರಂತೆ; ಕಲ್ಲು ಒದ್ದೆಯಾದರೆ ಆ ಹಳೆಯ ಗೆರೆಗಳು ಮತ್ತೆ ಕಾಣುತ್ತವಂತೆ. ಪ್ರೆಸ್ ಮುಚ್ಚಿದಾಗ ಯಂತ್ರ ಗುಜರಿಗೆ ಹೋಯಿತು, ಕಲ್ಲುಗಳು ಯಾರಿಗೂ ಬೇಡವಾದವು.

“ಚಿತ್ರ ಇರೋ ಬದಿ ಕೆಳಗೆ ಮಾಡಿಯೇ ಹಾಸಿಸಿದ್ದೆ, ಬೇಟಾ. ಅಜ್ಜ ಎರಡೂ ಬದಿ ಬರೀತಿದ್ರು ಅಂತ ಗೊತ್ತೇ ಇರಲಿಲ್ಲ,” ಎಂದು ಹಿಂದಿಯಲ್ಲಿ ಹೇಳುತ್ತಾ ಕಾಕಾ ಅಲ್ಲೇ ಕುಕ್ಕರಿಸಿದರು.

ಈಗ ಆ ಕಲ್ಲನ್ನು ಯಾರೂ ತುಳಿಯುವುದಿಲ್ಲ. ಬೆಳಗ್ಗೆ ಕಾಕಾ ಒಂದು ಚೊಂಬು ನೀರು ಸುರಿದು, ಅದು ಆರಿ ಮುಖ ಮಾಯವಾಗುವವರೆಗೂ ನೋಡುತ್ತ ನಿಂತಿರುತ್ತಾರೆ.