ಶಿರಸ್ತೇದಾರರು ಕೇಳಿದ ಪದಗಳು

ನನಗೆ ಹುಟ್ಟಿನಿಂದಲೂ ಅನುಮಾನ ಜಾಸ್ತಿ. ಯಾರಾದರೂ ನಕ್ಕು ಮಾತಾಡಿಸಿದರೆ, ಇವನಿಗೇನು ಬೇಕೋ ಎಂದೇ ಮೊದಲು ಹೊಳೆಯುತ್ತದೆ. ಮಧುಗಿರಿಯ ಸಬ್‌ಡಿವಿಜನ್ ಕಚೇರಿಯಲ್ಲಿ ಉಮೇದುವಾರನಾಗಿದ್ದಾಗ, ಗುಮಾಸ್ತರಿಗೆಲ್ಲ ಮೇಲಿನವರಾದ ಶಿರಸ್ತೇದಾರರು ಒಂದು ದಿನ ಹತ್ತಿರ ಕರೆದು, ‘ನಿಂಗೆ ಇಂಗ್ಲಿಷ್ ಪದಗಳು ಸಾಲ್ದು ಕಣಯ್ಯ, ದಿನಕ್ಕೊಂದು ಕಷ್ಟದ ಪದ ಕಲಿ’ ಎಂದರು. ನನಗೆ ಖುಷಿಯಾಗಲಿಲ್ಲ, ಇದರಲ್ಲೇನೋ ಇದೆ ಎನಿಸಿತು.

ಉಮೇದುವಾರ ಎಂದರೆ ಸಂಬಳವಿಲ್ಲದೆ ದುಡಿಯುತ್ತ, ಗುಮಾಸ್ತನ ಜಾಗ ಯಾವಾಗ ಖಾಲಿಯಾದೀತೋ ಎಂದು ಕಾಯುವವನು. ನಮ್ಮೂರು ತೋವಿನಕೆರೆಯಲ್ಲಿ ಅಪ್ಪ, ‘ಸುಗ್ಗಿ ಒಳ್ಗೆ ಕೆಲ್ಸ ಸಿಗ್ದಿದ್ರೆ ಬಂದ್ಬುಡ್ಲಾ, ನೇಗ್ಲು ಹಿಡಿ’ ಎಂದು ಹೇಳಿಯಾಗಿತ್ತು. ಜಾಗ ಖಾಲಿಯಾದರೆ ಹೆಸರು ಸೂಚಿಸುವವರು ಇದೇ ಶಿರಸ್ತೇದಾರರು.

ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಅವರು ಒಂದು ಪದ ಹೇಳುತ್ತಿದ್ದರು. ಮಾರನೆಯ ಬೆಳಿಗ್ಗೆ ಬೇರೆಯವರು ಬರುವ ಮೊದಲೇ ನಾನು ಅದರ ಅರ್ಥ ಒಪ್ಪಿಸಿ, ಸ್ವಂತದ್ದೊಂದು ವಾಕ್ಯ ಮಾಡಬೇಕು. ಪ್ರಿವ್ಯಾರಿಕೇಷನ್ ಎಂದರೆ ಜಾರಿಕೆಯ ಮಾತು, ಪರ್ಫಂಕ್ಟರಿ ಎಂದರೆ ಕಾಟಾಚಾರದ್ದು, ಡಿಲೇಟರಿ ಎಂದರೆ ಕಾಲ ತಳ್ಳುವಂಥದ್ದು. ಶನಿಕಾಟ! ನನ್ನ ಹರಕು ಡಿಕ್ಷನರಿಯ ಹಾಳೆಗಳು ಕೈಗೇ ಬರತೊಡಗಿದವು. ನಾನು ಏನು ಹೇಳಿದರೂ ಅವರು ಹ್ಞೂಂ ಎನ್ನುವರು, ತಿದ್ದುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯ.

ಜವಾನ ಬೇರೆ ಉಪ್ಪುಖಾರ ಹಚ್ಚಿದ: ‘ಅವ್ರ ಅಕ್ಕನ ಮಗ ಪಾವಗಡದಾಗೆ ಸುಮ್ಕೆ ಕುಂತವ್ನೆ. ನಿಂಗೆ ಇಂಗ್ಲಿಷ್ ಬರಾಕಿಲ್ಲ ಅಂತ ಹೊಸ್ದಾಗಿ ಬಂದಿರೋ ಸಾಹೇಬ್ರ ಕಿವಿಗಾಕಿ, ಅವನ್ನ ತಂದು ಕೂರಿಸ್ತಾರೆ ನೋಡ್ತಿರು. ಹುಷಾರು ಕಣಪ್ಪ.’

ಆಗಲಿ, ಇವರ ಆಟ ನಾನೂ ನೋಡುತ್ತೇನೆ ಎಂದು ಹಟ ಹಿಡಿದು ಕಲಿತೆ.

ಒಂದು ಸಂಜೆ ‘ಡೋಟೇಜ್’ ಎಂದರು. ಧ್ವನಿ ಸಣ್ಣಗಿತ್ತು. ಕೊನೆಯ ಪರೀಕ್ಷೆ ಇದೇ ಎಂದುಕೊಂಡೆ. ಬೆಳಿಗ್ಗೆ ಕೈಕಟ್ಟಿ ನಿಂತು ಗಟ್ಟಿಯಾಗಿ ಒಪ್ಪಿಸಿದೆ: ‘ಮುಪ್ಪಿನಿಂದ ಬುದ್ಧಿ ಅರಳುಮರಳಾಗುವುದು ಸ್ವಾಮಿ. ವಾಕ್ಯ: ಅರಳುಮರಳಾದ ನೌಕರನಿಂದ ಸರ್ಕಾರದ ಕೆಲಸ ಕೆಡುತ್ತದೆ.’

ಅವರು ರುಮಾಲು ತೆಗೆದು ಮೇಜಿನ ಮೇಲಿಟ್ಟರು. ಅವರ ನರೆತ ತಲೆಯನ್ನು ನಾನು ನೋಡಿದ್ದು ಅದೇ ಮೊದಲು.

‘ಇವೆಲ್ಲ ಹೊಸ ಸಾಹೇಬರು ನನ್ನ ಕರಡುಗಳ ಮೇಲೆ ಬರೀತಿದ್ದ ಮಾತು ಕಣಯ್ಯ. ನಂಗೆ ಕನ್ನಡದ ಕಾಗದಪತ್ರ ಗೊತ್ತು, ಇಂಥ ಇಂಗ್ಲಿಷ್ ಎಲ್ಲಿ ಬರ್ಬೇಕು? ಗುಮಾಸ್ತರನ್ನ ಕೇಳಿದ್ರೆ ನಗ್ತಾರೆ. ನಿನ್ನೆ ಬರೆದದ್ದು ಮಾತ್ರ ಕರಡಿನ ಬಗ್ಗೆ ಅಲ್ಲ, ನನ್ನ ಬಗ್ಗೆ.’

ಭೂಮಿ ಬಾಯಿಬಿಡಬಾರದೇ ಎನಿಸಿತು. ‘ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ ಸ್ವಾಮಿ’ ಎಂದೆ.

‘ಬೇಡ, ಸರಿಯಾಗೇ ನೋಡಿರ್ತೀಯ. ನಾನು ಪಿಂಚಣಿ ತಗೊಂಡು ಹೋದ್ರೆ ಒಬ್ಬೊಬ್ಬರಾಗಿ ಮೇಲಕ್ಕೆ ಹತ್ತುತ್ತಾರೆ, ಕೆಳಗೊಂದು ಜಾಗ ಖಾಲಿಯಾಗುತ್ತೆ. ಅದಕ್ಕೆ ನಿನ್ನ ಹೆಸರು ಹೇಳಿದೀನಿ’ ಎಂದು ಅವರು ಮತ್ತೆ ರುಮಾಲು ಸುತ್ತಿಕೊಳ್ಳತೊಡಗಿದರು.