ಚೌಕದಕ್ಕ ಮತ್ತು ‘ಇಲ್ಲ ಅಮ್ಮ’

ಕಿಟಕಿಗೆ ಇನ್ನೂ ಬೆಳಕು ಬಂದಿಲ್ಲ. ಚೌಕದಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಕೆಲಸ ಮಾಡುತ್ತಿದ್ದಾರೆ. ಒಂದು ಕಣ್ಣು ಒಲೆಯ ಮೇಲಿನ ಹಾಲಿನತ್ತ, ಇನ್ನೊಂದು ಪರದೆಯತ್ತ. ಪರದೆಯ ತುಂಬ ಬಾಣಂತಿಯರು: ಚಿನ್ನು ಅಮ್ಮ, ಗುಂಡ ಅಮ್ಮ, ಬಂಗಾರಿ ಅಮ್ಮ. ಸಾವಿರಾರು ಜನರಿಗೆ ಆಪ್ ತಾನಾಗಿಯೇ ಸಂದೇಶ ಕಳಿಸುತ್ತದೆ. ಒಬ್ಬಳಿಗೆ ಮಾತ್ರ ಇವರು ಕೈಯಾರೆ ಬರೆಯುತ್ತಾರೆ.

ಹೊಸ ತಾಯಂದಿರು ಒಬ್ಬರಿಗೊಬ್ಬರು ಆಸರೆಯಾಗುವ ಆ ಆಪ್‌ನ ವಿನ್ಯಾಸ ಇವರದು. ಎಲ್ಲಿ ಏನು ತುಂಬಬೇಕು ಎಂದು ದಿನವಿಡೀ ಚೌಕ ಎಳೆಯುವ ಕೆಲಸ. ಚೌಕ ಬರೆಯೋಕೂ ಸಂಬಳ ಕೊಡ್ತಾರಾ ಎಂದು ಅತ್ತೆ ಛೇಡಿಸಿದ್ದೇ ಛೇಡಿಸಿದ್ದು, ಆ ಹೆಸರೇ ನಿಂತುಬಿಟ್ಟಿತು. ತಮ್ಮ ಬಾಣಂತನದಲ್ಲಿ ಇವರು ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಅತ್ತವರು. ಮನೆ ತುಂಬ ಜನ, ಮನಸ್ಸು ಬಿಚ್ಚಿ ಮಾತಾಡಲು ಒಬ್ಬರಿಲ್ಲ. ಆ ಸಂಕಟದಿಂದಲೇ ಆಪ್ ಹುಟ್ಟಿತು. ತಾಯಿಗೆ ಹಿಗ್ಗಾಗಲಿ ಎಂದು ಮೊದಲ ಚೌಕದಲ್ಲೇ ಮಗುವಿನ ಮುದ್ದಿನ ಹೆಸರು ಕೇಳಿದರು; ಚಿನ್ನುವಿನ ತಾಯಿ ಆಪ್‌ನಲ್ಲಿ ಚಿನ್ನು ಅಮ್ಮ. ಹೆಸರು ಬರೆಯದೆ ಮುಂದೆ ಹೋಗುವಂತಿರಲಿಲ್ಲ. ಎಡವಟ್ಟಾದದ್ದು ಅಲ್ಲೇ.

ಹೋದ ವರ್ಷ ಒಂದು ಮಗು ಇವರ ಕಣ್ಣಿಗೆ ಬಿತ್ತು. ಆಪ್ ಕೇಳಿದ ದಿನವೇ ನಕ್ಕಿತ್ತು, ಕೇಳಿದ ದಿನವೇ ಮಗ್ಗುಲಾಗಿತ್ತು. ಒಂದು ನೆಗಡಿಯಿಲ್ಲ, ಒಂದು ಹಟವಿಲ್ಲ. ಎಂಥ ಜಾಣಮರಿಯಪ್ಪಾ ಎಂದುಕೊಂಡು ಹಳೆಯ ಸಂದೇಶಗಳನ್ನು ತೆರೆದರು.

“ಇಲ್ಲ ಚೆನ್ನಾಗಿ ನಿದ್ದೆ ಮಾಡಿತೇ?” ಹೌದು.

“ಇಲ್ಲ ನಿಮ್ಮ ದನಿ ಗುರುತಿಸಿತೇ?” ಹೌದು.

“ಇಲ್ಲ ಇನ್ನೇನು ಅಂಬೆಗಾಲಿಡುತ್ತದೆ. ನೆಲದ ಮೇಲಿನ ಚೂಪಾದ ವಸ್ತುಗಳನ್ನು ಎತ್ತಿಡಿ.” ಎತ್ತಿಟ್ಟೆ.

ಮೊದಲ ಚೌಕವನ್ನು ತೆರೆದು ನೋಡಿದರು. ಮಗುವಿನ ಹೆಸರು ಕೇಳಿದ ಚೌಕದಲ್ಲಿ ಆ ತಾಯಿ ‘ಇಲ್ಲ’ ಎಂದು ಬರೆದಿದ್ದಳು. ಆಪ್ ಅದನ್ನೇ ಹೆಸರೆಂದುಕೊಂಡು ಇಷ್ಟು ತಿಂಗಳು ಬೆಳೆಸಿತ್ತು. ಇಲ್ಲ ಅಮ್ಮ, ಪಾಪು ಹೇಗಿದೆ ಎಂದು ಉಳಿದ ತಾಯಂದಿರೂ ಅಕ್ಕರೆಯಿಂದ ಕೇಳುತ್ತಿದ್ದರು.

“ನಾನೇ ಅವಳ ತಲೆ ಕೆಡಿಸ್ತಿದೀನಾ ಅಂತ ಹೆದರಿಬಿಟ್ಟೆ,” ಎನ್ನುತ್ತಾರೆ ಚೌಕದಕ್ಕ.

ತಡಮಾಡದೆ ಫೋನ್ ಮಾಡಿದರು. ಆ ಕಡೆಯ ದನಿ ತೀರಾ ಶಾಂತವಾಗಿತ್ತು. “ಮಗು ಹುಟ್ಟಿದ ದಿನಾನೇ ಹೋಯ್ತು. ಎದೆಹಾಲು ಸುರಿಯೋದು ನಿಲ್ತಿರಲಿಲ್ಲ, ಏನ್ಮಾಡ್ಬೇಕು ಅಂತ ಕೇಳೋಕೆ ಬಂದೆ. ಹೆಸರು ಹಾಕ್ದೆ ಒಳಗೆ ಬಿಡ್ಲಿಲ್ಲ.” ಮಾರನೆಯ ಬೆಳಗ್ಗೆ ಆಪ್ ‘ಇಲ್ಲ’ನ ನಿದ್ದೆ ವಿಚಾರಿಸಿತಂತೆ. ಮನೆಯಲ್ಲಿ ಮಗುವಿನ ಮಾತೆತ್ತುವವರೇ ಇರಲಿಲ್ಲವಂತೆ. ಹೌದು ಎಂದು ಒತ್ತಿದಳಂತೆ.

“ಇಲ್ಲ ಅಂತ ಗೊತ್ತಕ್ಕ. ಆದ್ರೂ ನೆಲ ಗುಡಿಸಿಟ್ಟಿದೀನಿ.”

ಅವಳ ಹಿಂದೆ ಎಲ್ಲೋ ಗಿಲಕಿ ಅಲ್ಲಾಡಿದ ಸದ್ದಾಯಿತು. ಫ್ಯಾನಿನ ಗಾಳಿಗಿರಬೇಕು. ಕೇಳುವ ಧೈರ್ಯ ಇವರಿಗೆ ಬರಲಿಲ್ಲ.

ಖಾತೆ ಅಳಿಸಿ ಕೈತೊಳೆದುಕೊಳ್ಳಿ ಎಂದರು ಆಫೀಸಿನವರು. ಆ ಮಗು ಒಂದು ಸಲ ಹೋಗಿದೆ, ಎರಡನೇ ಸಲ ನಾನು ಕಳಿಸಲಾರೆ ಎಂದು ಇವರು ಪಟ್ಟು ಹಿಡಿದರು. ಏನು ಮಾಡಲಿ ಎಂದು ಅವಳನ್ನೇ ಕೇಳಿದರು.

“ನಡೆಯೋಕೆ ಶುರು ಮಾಡೋ ಮುಂಚೆ ನಿಲ್ಸಿಬಿಡಿ ಅಕ್ಕ. ಆಮೇಲೆ ನನ್ ಕೈಲಾಗಲ್ಲ. ಆದ್ರೆ ಬೆಳಗ್ಗೆ ಯಾರಾದ್ರೂ ಏನಾದ್ರೂ ಕೇಳ್ಲಿ.”

ಆಪ್ ಕೇಳುವುದನ್ನು ನಿಲ್ಲಿಸಿತು, ಚೌಕದಕ್ಕ ಕೇಳತೊಡಗಿದರು. ಮಡಿಲು ಬರಿದಾದರೂ ಬಾಣಂತಿ ಬಾಣಂತಿಯೇ ತಾನೇ? ಈಗ ಮೊದಲ ಚೌಕ ತುಂಬದಿದ್ದರೂ ಒಳಗೆ ಬರಬಹುದು. ಹಾಗೆ ಮಾಡಿದ ವಾರದಲ್ಲೇ ಅದನ್ನು ಖಾಲಿ ಬಿಟ್ಟವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಬಂದರು. ಅಷ್ಟು ದಿನ ಎಲ್ಲಿ ನಿಂತಿದ್ದರೋ, ಪಾಪ. ದೊಡ್ಡ ಕೆಲಸ ಮಾಡಿದಿರಿ ಎಂದರೆ ಇವರಿಗೆ ಮುಜುಗರ. “ಒಂದು ಚೌಕ ಖಾಲಿ ಬಿಟ್ಟೆ, ಅಷ್ಟೇ.”

ಹಾಲು ಉಕ್ಕುವ ಮುಂಚೆ ಒಲೆ ಆರಿಸಿ, ಇವತ್ತಿನ ಪ್ರಶ್ನೆ ಬರೆಯುತ್ತಾರೆ: “ನಿದ್ದೆ ಬಂತಾ?”

ಉತ್ತರ ಬರುತ್ತದೆ: “ಇಲ್ಲ.”

ಪರದೆಯನ್ನು ಈ ಕಡೆ ತಿರುಗಿಸುತ್ತಾರೆ. ಕಣ್ಣು ತುಂಬಿದೆ.

“ನೋಡಿ, ಇದು ಅವಳ ಮಾತು. ಮಗು ಹೆಸರಲ್ಲ.”